ಮಾಳಿಗೆಯ ಮೇಲಿನ ಮಣ್ಣು

ಅಪ್ಪಾ,

ತೀರ್ಥರೂಪ ಅಂತ ಶುರು ಮಾಡಲು ಕೈ ಬರಲಿಲ್ಲ. ಬೇಕಾದರೆ ಸಿಟ್ಟಾಗು, ಈಗ ಬೈಯಲಿಕ್ಕಂತೂ ಆಗುವುದಿಲ್ಲ.

ನೀನು ಕಿಲ್ಲಾರಿಯಿಂದ ಬಂದ ದಿನ ನೆನಪಿದೆ. ಅಲ್ಲಿ ಭೂಕಂಪ ಆದಮೇಲೆ ನಮ್ಮ ಬೆಟಗೇರಿಯ ನೇಕಾರರೆಲ್ಲ ಸೀರೆ, ಕೌದಿ ಗಂಟು ಕಟ್ಟಿ ಕೊಟ್ಟರು. ಲಾರಿಯ ಜೊತೆ ಹೋಗಿ ಹಂಚಿ ಬಂದವನು ನೀನು. ಓಣಿಯವರು ಸುತ್ತ ಕೂತು ಕೇಳಿದರೆ ದೇವರ ಆಟ ಅಂದೆ, ಚಹಾ ಕುಡಿದೆ, ಮಗ್ಗದ ಕುಣಿಗೆ ಇಳಿದೆ. ನೀನು ಕಂಡದ್ದು ಅಷ್ಟೇನಾ?

ಮುಂದಿನ ಮುಂಗಾರಿಗೆ, ಮಳೆ ಸೋರದಿರಲಿ ಅಂತ, ನೀನು ಎಂದಿನಂತೆ ಮಾಳಿಗೆಯ ನೆತ್ತಿಗೆ ಸವಳು ಮಣ್ಣು ಹಾಕಿಸಿದೆ. ಬುಟ್ಟಿ ಹೊತ್ತವರು ಅವ್ವ ಮತ್ತು ನಾನು. ಹಳೆಯದನ್ನು ಕೆರೆದು ತೆಗೆಯದೆ ಅದರ ಮೇಲೇ ಹೊಸದು, ವರ್ಷ ವರ್ಷವೂ. ನಮ್ಮದು ಸೋರದ ಮನೆ ಅಂತ ಮೀಸೆ ತಿರುವುತ್ತಿದ್ದೆ.

ಹೋದ ವರ್ಷ ಮುಂಡರಗಿಯಲ್ಲಿ ನಮಗೆ, ಶಿಕ್ಷಕರಿಗೆ, ವಿಪತ್ತಿನ ತರಬೇತಿ ಇತ್ತು. ಕಿಲ್ಲಾರಿಯ ಚಿತ್ರ ತೋರಿಸಿದರು. ಕಲ್ಲಿನ ಗೋಡೆ, ಮೇಲೆ ಮೊಳದಷ್ಟು ದಪ್ಪ ಮಣ್ಣು, ಥೇಟ್ ನಮ್ಮ ಮನೆಗಳು. ಮಲಗಿದ್ದವರನ್ನು ಕೊಂದದ್ದು ಆ ಭಾರ ಅಂದರು. ಅದನ್ನೆಲ್ಲ ಕಣ್ಣಾರೆ ಕಂಡು ಬಂದವನು ನಮ್ಮ ತಲೆಯ ಮೇಲೆ ಮತ್ತೆ... ಹೇಗೆ ಮನಸ್ಸು ಬಂತು ನಿನಗೆ?

ಮಣ್ಣು ಇಳಿಸೋಣ ಅಂದರೆ ಅವ್ವ ಒಲ್ಲೆ ಅಂದಳು. ನೀನು ಹಾಕಿಸಿದ ಮಣ್ಣಂತೆ. ಅದರ ಕೆಳಗೇ ಅವಳ ಹಾಸಿಗೆ. ಕಿಲ್ಲಾರಿಯಲ್ಲಿ ನೀನು ಏನು ನೋಡಿದ್ದಿರಬೇಕು ಅಂತ ಬಿಡಿಸಿ ಹೇಳಿದೆ. ಆಗ ಅವ್ವ ಬಾಯಿ ಬಿಟ್ಟಳು.

"ನಿಮ್ಮಪ್ಪ ನನಗ ಹೇಳಿದ್ರು ಯವ್ವಾ. ಮಣ್ಣಿನ ಭಾರಕ್ಕ ಮಂದಿ ಸತ್ತಾರ ಅಂದ್ರು. ಮತ್ಯಾಕ ಹಾಕ್ತೀರಿ ಅಂತ ಕೇಳಿದೆ. ಮನಿ ಸೋರಿದ್ರ ಓಣ್ಯಾಗ ನಗತಾರ ಅಂದ್ರು."

ಓಣಿಯವರು ನಗುತ್ತಾರೆ ಅಂತ. ಅಷ್ಟಕ್ಕೆ ಹೆಂಡತಿ ಮಕ್ಕಳನ್ನು ಅದರ ಕೆಳಗೆ ಮಲಗಿಸಿದೆಯಲ್ಲ, ನಿನಗೆ ಏನನ್ನಬೇಕು? ಸತ್ತವರನ್ನು ಬೈಯಬಾರದಂತೆ. ನಾನು ಬೈಯುತ್ತೇನೆ.

ಆ ಮಾತು ತನ್ನ ಬಾಯಿಂದಲೇ ಹೊರಬಿದ್ದ ಮೇಲೆ ಮಣ್ಣು ಇಳಿಸಲು ಅವ್ವ ಬೇಡ ಅನ್ನಲಿಲ್ಲ. ಮೊದಲ ಸಲಿಕೆ ಅವಳೇ ಹಾಕಿದಳು. ಈಗ ಮೇಲೆ ತಗಡು ಇದೆ, ಗೋಡೆಗೂ ಮೇಸ್ತ್ರಿ ಸಿಮೆಂಟು ಪಟ್ಟಿ ಕಟ್ಟುತ್ತಿದ್ದಾನೆ. ಮಳೆಗೆ ಒಂದು ಮೂಲೆ ಸೋರುತ್ತದೆ.

ಇನ್ನೊಂದು ಸುದ್ದಿ. ಮೊನ್ನೆ ಆರನೇ ತರಗತಿಗೆ ಭೂಕಂಪದ ಪಾಠ ಮಾಡಿದೆ. ಬೆಂಚಿನ ಕೆಳಗೆ ಹೇಗೆ ಕೂರಬೇಕು, ತಲೆ ಹೇಗೆ ಮುಚ್ಚಿಕೊಳ್ಳಬೇಕು, ಎಲ್ಲ ಮಾಡಿಸಿದೆ. ಆಮೇಲೆ, ಕಣ್ಣಾರೆ ಕಂಡು ಬಂದರೂ ಊರಿಗೆ ಹೇಳದೆ ಕೂತ ಒಬ್ಬನ ಕಥೆ ಹೇಳಿದೆ. ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತು, "ಅಂವ ಯಾರ್ರೀ ಟೀಚರ್?" ಅಂತ ಕೇಳಿದಳು.

ನಮ್ಮಪ್ಪ ಅಂದೆ. ಬೋರ್ಡಿನ ಮೇಲೆ ನಿನ್ನ ಹೆಸರನ್ನು ಮನೆತನದ ಅಡ್ಡಹೆಸರಿನ ಸಮೇತ ಬರೆದೆ. ನಾನು ನೌಕರಿಯಲ್ಲಿರುವ ತನಕ ವರ್ಷ ವರ್ಷ ಬರೆಯುತ್ತೇನೆ.