ಇಬ್ಬರ ಊಟ, ಇಬ್ಬರ ನಡಿಗೆ

ಗಾಳಿಕೊಪ್ಪ, ಕಪ್ಪತಗುಡ್ಡದ ಬುಡ
ಸೆಕೆಮಾಸದ ಎರಡನೆಯ ದಿನ, ಕ್ರಿ.ಶ. ೨೧೮೭

ನನ್ನ ಅಜ್ಜಿಯ ಅಜ್ಜಿಯ ಅವ್ವನಿಗೆ, ಈರವ್ವ ಮಾಡುವ ಶರಣಾರ್ಥಿ.

ಸೆಕೆಮಾಸವನ್ನು ನಿನ್ನ ಪಂಚಾಂಗದಲ್ಲಿ ಹುಡುಕಬೇಡ, ಸಿಗುವುದಿಲ್ಲ. ಬೇಸಿಗೆ ತೀರ ಉದ್ದವಾಯಿತೆಂದು ನಮ್ಮ ಹಿರಿಯರು ವರ್ಷಕ್ಕೆ ಹದಿಮೂರನೆಯ ತಿಂಗಳೊಂದನ್ನು ಸೇರಿಸಿದರು. ಆ ತಿಂಗಳಲ್ಲಿ ಯಾರೂ ಮಧ್ಯಾಹ್ನ ಕೆಲಸ ಮಾಡುವಂತಿಲ್ಲ. ಅದಕ್ಕೇ ನನಗೆ ಈ ಪತ್ರ ಬರೆಯಲು ಬಿಡುವು ಸಿಕ್ಕಿದೆ. ನನ್ನ ಮಾತಿನಲ್ಲಿ ನಿನಗೆ ತಿಳಿಯದ ಪದಗಳು ನುಸುಳಿದರೆ ಕ್ಷಮಿಸು. ಇನ್ನೊಂದು ಪೇಚೂ ಇದೆ. ನನ್ನ ಲೆಕ್ಕದಲ್ಲಿ ನೀನೀಗ ಚೊಚ್ಚಲ ಬಸುರಿ, ಇನ್ನೂ ಮೂವತ್ತು ತುಂಬದ ಹುಡುಗಿ. ನನಗೆ ಮೂವತ್ತನಾಲ್ಕು. ನಿನ್ನನ್ನು ಹಿರಿಯಜ್ಜಿ ಎಂದು ಕರೆದು ಕಾಲಿಗೆ ಬೀಳಬೇಕೋ, ತಂಗಿ ಎಂದು ಗದರಬೇಕೋ ತಿಳಿಯದೆ ಬರಿದೇ ‘ಅವ್ವಾ’ ಎನ್ನುತ್ತೇನೆ.

ನಾನು ಗಾಳಿಗಿತ್ತಿ. ಅಂದರೆ ಗುಡ್ಡದ ಮೇಲಿನ ಗಾಳಿಕಂಬಗಳನ್ನು ಹತ್ತಿ, ಅವುಗಳ ರೆಕ್ಕೆ ರಿಪೇರಿ ಮಾಡುವವಳು. ಹದಿನೆಂಟನೆಯ ವಯಸ್ಸಿನಿಂದ ಅದೇ ಕೆಲಸ. ದಿನವೆಲ್ಲ ಹತ್ತಿ ಇಳಿಯುವ ದೇಹ ಎಷ್ಟು ತಿಂದರೂ ಅರಗಿಸಿಕೊಳ್ಳುತ್ತಿತ್ತು. ಹೋದ ವರ್ಷ ಬಸುರಾದೆ. ಮೂರು ತಿಂಗಳು ತುಂಬುತ್ತಲೇ ನಿಯಮದಂತೆ ನನ್ನನ್ನು ಕಂಬದಿಂದ ಇಳಿಸಿ, ನೆಲದ ಮೇಲಿನ ಕೋಣೆಯಲ್ಲಿ ಕುರ್ಚಿಯ ಮೇಲೆ ಕೂಡಿಸಿದರು. ಮನೆಯ ಬಾಗಿಲಿಗೆ ನನ್ನ ಅತ್ತೆ ನಿಂಗವ್ವ ಹಸಿರು ಖಣ ಕಟ್ಟಿದರು.

ಆ ಹಸಿರು ಖಣದ ಅರ್ಥ ನಿನಗೆ ಹೇಳಬೇಕು. ಅದು ಕಂಡರೆ ಓಣಿಯ ಪ್ರತಿ ಮನೆಯವರೂ ಸರದಿಯಂತೆ ಬಸುರಿಗೆ ಊಟ ಕಳಿಸಬೇಕು. ಇದಕ್ಕೆ ‘ತಾಟಿನ ಸರದಿ’ ಎನ್ನುತ್ತೇವೆ. ಅರವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಈ ಸೀಮೆಗೆ ದೊಡ್ಡ ಹಸಿವು ಬಂದಿತ್ತು. ಒಂದರ ಹಿಂದೊಂದು ಮೂರು ವರ್ಷ ಜೋಳವೂ ಇಲ್ಲ, ನೀರೂ ಇಲ್ಲ. ಆಗ ಊರವರು ತಮ್ಮ ಪಾಲಿನ ಒಂದೊಂದು ತುತ್ತು ತೆಗೆದಿಟ್ಟು ಬಸುರಿಯರನ್ನು ಉಳಿಸಿಕೊಂಡರಂತೆ. ಹಸಿವು ಹೋಯಿತು, ಸರದಿ ಉಳಿಯಿತು. ಈಗ ಕಣಜ ತುಂಬಿದೆ, ತುಪ್ಪ ಬೇಕಾದಷ್ಟಿದೆ. ತುತ್ತಿದ್ದದ್ದು ತಾಟಾಗಿದೆ. ಒಂದು ಮನೆಯಿಂದ ಹೋಳಿಗೆ ಬಂದರೆ ಇನ್ನೊಂದರಿಂದ ಗೋಧಿ ಹುಗ್ಗಿ, ಮತ್ತೊಂದರಿಂದ ಕರಿಗಡಬು.

ಅದರ ಮೇಲೆ ನಿಂಗವ್ವನ ಅಡುಗೆ. ನಾನು ಎರಡು ರೊಟ್ಟಿ ತಿಂದು ಕೈ ಎತ್ತಿದರೆ ಅವರು ಮೂರನೆಯದನ್ನು ಮುರಿದು ಬೆಣ್ಣೆ ಸವರುತ್ತಿದ್ದರು.

“ಸಾಕ್ರೀ ಅತ್ತಿ, ಹೊಟ್ಟಿ ತುಂಬೇತಿ.”

“ತುಂಬೇತಂತ ಯಾರ ಹೇಳಿದ್ರು? ಒಳಗಿನ ಕೂಸು ಹೇಳೇತೇನು? ಉಣ್ಣವಾ, ನೀ ಈಗ ಒಬ್ಬಾಕಿ ಅಲ್ಲ.”

ನನಗೂ ಅದು ಹಿತವಾಗಿಯೇ ಇತ್ತು. ಇಷ್ಟು ಅಕ್ಕರೆಯಿಂದ ಯಾರಾದರೂ ಉಣ್ಣಿಸಿದರೆ ಬೇಡವೆನ್ನುವುದು ಹೇಗೆ? ನನ್ನ ಕೈಯಲ್ಲಾಗದ್ದನ್ನು ಗಂಡ ಫಕೀರೇಶ ಮುಗಿಸುತ್ತಿದ್ದ. ಬಸುರಾದವಳು ನಾನು, ಅಂಗಿಯ ಗುಂಡಿ ಹರಿದದ್ದು ಮೊದಲು ಅವನದು. ಬಸುರಿಯರೆಲ್ಲರಿಗೂ ಇಲ್ಲಿ ‘ಸಿಹಿಬಳೆ’ ತೊಡಿಸುತ್ತಾರೆ. ರಕ್ತದ ಸಕ್ಕರೆ ಹದದಲ್ಲಿದ್ದರೆ ಅದು ಹಸಿರು, ಏರಿದರೆ ಕೆಂಪು. ಐದನೆಯ ತಿಂಗಳಲ್ಲಿ ಊಟವಾದ ಮೇಲೆಲ್ಲ ಬಳೆ ಕೆಂಪಾಗತೊಡಗಿತು. ನಿಂಗವ್ವ ಅದನ್ನು ನೋಡಿ, “ಕೆಂಪು ನಿನ್ನ ಕೈಗೆ ಭಾಳ ಒಪ್ಪತೈತಿ ನೋಡವಾ” ಎಂದು ಮೆಚ್ಚಿಕೊಂಡರು.

ಡಾಕ್ಟರ್ ಹುಮೇರಾ ಮೆಚ್ಚಲಿಲ್ಲ. ಅವರು ನನ್ನನ್ನು ತಕ್ಕಡಿಯ ಮೇಲೆ ನಿಲ್ಲಿಸಿ, ಬಳೆಯನ್ನು ನೋಡಿ, ನನ್ನನ್ನೂ ಅತ್ತೆಯನ್ನೂ ಎದುರಿಗೆ ಕೂಡಿಸಿಕೊಂಡರು.

“ಈರವ್ವ, ಒಂಬತ್ತು ತಿಂಗಳಿಗೆ ಏರಬೇಕಾದ ತೂಕ ನಿನಗ ಐದಕ್ಕ ಏರೇತಿ. ಸಕ್ಕರಿ ಹಿಂಗ ಇದ್ರ ಕೂಸು ಅಳತಿ ಮೀರಿ ದಪ್ಪಾಗತೈತಿ, ಹೆರಿಗಿ ಕಠಿಣ ಆಗತೈತಿ, ನಿನಗ ಮುಂದ ಸಕ್ಕರಿ ಬ್ಯಾನಿ ಅಂಟಿಕೊಳ್ಳಬಹುದು. ಇನ್ನೂ ಕಾಲ ಮಿಂಚಿಲ್ಲ. ದಿನಾ ನಡಿ, ಊಟ ಹದಕ್ಕ ತಗೋ.”

“ಹಂಗಾರ ಉಪಾಸ ಇರಲೇನ್ರಿ?” ಎಂದೆ.

“ಛೇ, ಉಪಾಸ ಬ್ಯಾಡವ್ವ! ತೂಕ ಇಳಸೂ ಹೊತ್ತಲ್ಲ ಇದು. ಕೂಸಿಗೆ ಬೇಕಾದಷ್ಟು ಏರಲಿ. ಕಾಳು, ಪಲ್ಲೆ, ಮೊಸರು, ರೊಟ್ಟಿ ಉಣ್ಣು. ಎರಡನೇ ತಾಟು ಬ್ಯಾಡ, ಅಷ್ಟ.”

ಮನೆಗೆ ಬಂದ ಮೇಲೆ ನಾನು ಹುಗ್ಗಿಯ ಬಟ್ಟಲನ್ನು ಮೆಲ್ಲಗೆ ಅತ್ತ ಸರಿಸಿದೆ. ನಿಂಗವ್ವ ಅದನ್ನು ಎತ್ತಿಟ್ಟು, ತಾವೂ ಉಣ್ಣದೆ ಹಿತ್ತಲಿಗೆ ಹೋಗಿ ಕುಳಿತರು. ನಾನು ಹಿಂದೆ ಹೋದೆ. ಅವರ ಕಣ್ಣು ತುಂಬಿದ್ದವು.

“ನಮ್ಮವ್ವ ದೊಡ್ಡ ಹಸಿವಿನಾಗ ನನ್ನ ಬಸುರಾಗಿದ್ಲು” ಎಂದರು. “ಊರಾಗಿನ ಮಂದಿ ತುತ್ತು ಕೊಟ್ರು, ನಾ ಉಳದೆ. ಆದ್ರ ಆಕಿ ಎಲುಬಿನಾಗ ಬಲ ಉಳೀಲಿಲ್ಲ. ನಾ ನಡೀಲಿಕ್ಕೆ ಕಲಿಯೂದ್ರಾಗ ಆಕಿ ಹಾಸಿಗಿ ಹಿಡದ್ಲು. ಬಸುರಿ ಮುಂದ ಖಾಲಿ ತಾಟು ಕಂಡ್ರ ನನಗ ಉಸರ ಕಟ್ಟತೈತಿ, ಈರವ್ವ. ನಾ ಏನ್ ಮಾಡ್ಲಿ?”

ಇಪ್ಪತ್ತಾಳು ಎತ್ತರದ ಕಂಬದ ತುದಿಯಲ್ಲಿ ಗಾಳಿಗೆ ಹೆದರದವಳು ನಾನು. ಆ ಮಾತಿಗೆ ಹೆದರಿದೆ. ಬೇಡವೆಂದರೆ ಅವರ ಅವ್ವನ ಹಸಿವನ್ನು ಮರೆತಂತೆ, ಬೇಕೆಂದರೆ ನನ್ನ ಕೂಸಿಗೆ ಅಪಾಯ. ಪಕ್ಕದಲ್ಲಿ ಕುಳಿತು, “ಅತ್ತಿ, ನನಗ ಒಬ್ಬಾಕಿಗೇ ಅಡ್ಡಾಡಲಿಕ್ಕೆ ಬ್ಯಾಸರ. ನನ್ನ ಜೋಡಿ ಬರ್ತೀರೇನು?” ಎಂದೆ.

ಅವರು ಸೆರಗಿನಿಂದ ಕಣ್ಣೊರೆಸಿಕೊಂಡು ಚಪ್ಪಲಿ ಹುಡುಕಿದರು.

ಮೊದಲ ಸಂಜೆಯ ನಡಿಗೆಯನ್ನು ನೀನು ನೋಡಬೇಕಿತ್ತು. ನಾಲ್ಕು ಮನೆ ದಾಟುವಷ್ಟರಲ್ಲಿ ಅವರು ಮಡಿಲಿನಿಂದ ಶೇಂಗಾ ಉಂಡೆ ತೆಗೆದರು. “ದಾರಿ ಖರ್ಚಿಗಿ ಇರಲಿ ಅಂತ ತಂದೆ” ಎಂದರು. ನಾನು ನಕ್ಕುಬಿಟ್ಟೆ, ಅವರೂ ನಕ್ಕರು. ಆ ಉಂಡೆಯನ್ನು ಎದುರಿಗೆ ಬಂದ ಹಾಲಿನವನಿಗೆ ಕೊಟ್ಟೆವು. ನಡೆಯುವಾಗ ಸಲೀಸಾಗಿ ಮಾತಾಡಲು ಬರಬೇಕು, ಮಾತು ತುಂಡಾಗುವಷ್ಟು ಏದುಸಿರು ಬಂದರೆ ನಿಧಾನಿಸಬೇಕು ಎಂದು ಹುಮೇರಾ ಹೇಳಿದ್ದರು. ನಿಂಗವ್ವ ಜೊತೆಯಲ್ಲಿದ್ದಾಗ ಮಾತಿಗೆ ಬರವೆಲ್ಲಿ? ಅವರ ಮದುವೆಯ ಜಗಳ, ಸತ್ತ ಎಮ್ಮೆ, ಫಕೀರೇಶ ಚಿಕ್ಕಂದಿನಲ್ಲಿ ಬೂದುಗುಂಬಳದ ಮೇಲೆ ಕುಳಿತು ಒಡೆದದ್ದು, ಎಲ್ಲವೂ ಬಂದವು. ಒಂದು ವಾರದಲ್ಲೇ ಊಟದ ನಂತರ ಬಳೆ ಹಸಿರಾಗಿ ನಿಲ್ಲತೊಡಗಿತು. “ಹಸಿರೂ ಒಪ್ಪತೈತಿ ಬಿಡು” ಎಂದರು ನಿಂಗವ್ವ, ಸ್ವಲ್ಪ ಒಲ್ಲದ ಮನಸ್ಸಿನಿಂದಲೇ.

ಉಳಿದದ್ದು ಓಣಿಯ ತಾಟು. ಅದನ್ನು ನಿಲ್ಲಿಸಲು ನನಗೆ ಧೈರ್ಯವಿರಲಿಲ್ಲ. ಒಂದು ದಿನ ಪಕ್ಕದ ಮನೆಯ ಸಾವಂತ್ರಕ್ಕ ತುಪ್ಪ ಸುರಿಯುತ್ತಿದ್ದ ಹೋಳಿಗೆಯ ತಾಟು ಹಿಡಿದು ಬಂದಾಗ ನಿಂಗವ್ವನೇ ಬಾಗಿಲಿಗೆ ಅಡ್ಡ ನಿಂತರು.

“ಸಾವಂತ್ರೀ, ತಾಟು ಒಳಗ ಇಡಬ್ಯಾಡ. ನಮ್ಮ ಜೋಡಿ ಕೆರಿ ತನಕ ಬಾ. ಅದು ನಿನ್ನ ಸರದಿ.”

“ಅಯ್ಯ, ಬರಿಗೈಲೆ ಹ್ಯಾಂಗ ಬರಲಿ ಯಕ್ಕಾ? ಊರವರು ಏನಂದಾರು?”

“ಹಸಿವಿನಾಗ ಹುಟ್ಟಿದಾಕಿ ನಾನು. ನಾ ಹೇಳ್ತೀನಿ, ಬಾ. ಬೇಕಂದ್ರ ಹೆಸರುಕಾಳಿನ ಕೋಸಂಬರಿ ತಗೊಂಡ ಬಾ.”

ಅವರ ಬಾಯಿಂದ ಬಂದ ಮಾತಾದ್ದರಿಂದ ಯಾರೂ ಎದುರಾಡಲಿಲ್ಲ. ಅಲ್ಲಿಂದ ತಾಟಿನ ಸರದಿ ನಡಿಗೆಯ ಸರದಿಯಾಯಿತು. ದಿನಕ್ಕೊಂದು ಮನೆಯ ಹೆಂಗಸು ನಮ್ಮೊಡನೆ ಬರುವಳು, ಕೆರೆಯ ದಂಡೆಯ ಮೇಲೆ ಎಲ್ಲರೂ ಕುಳಿತು ಕೋಸಂಬರಿಯನ್ನೋ ಮಜ್ಜಿಗೆಯನ್ನೋ ಹಂಚಿಕೊಳ್ಳುವೆವು. ಏಳನೆಯ ತಿಂಗಳಲ್ಲಿ ಬೆನ್ನು ನೋಯಲು ಶುರುವಾದಾಗ ಹುಮೇರಾ ನೀರಿನಲ್ಲಿ ಕೈಕಾಲು ಆಡಿಸು ಎಂದರು. ನೀರು ದೇಹವನ್ನು ಎತ್ತಿ ಹಿಡಿಯುತ್ತದೆ, ಬೆನ್ನಿಗೆ ಬಿಡುವು ಸಿಗುತ್ತದೆ. ಬಸುರಿಯರಿಗೆಂದೇ ಎದೆಮಟ್ಟದ ಹೊಂಡವೊಂದು ನಮ್ಮಲ್ಲಿದೆ. ನೀರಿಲ್ಲದ ಕಾಲದಲ್ಲಿ ಹುಟ್ಟಿದ ನಿಂಗವ್ವ ಜನ್ಮದಲ್ಲಿ ಎಂದೂ ಹೊಂಡಕ್ಕೆ ಇಳಿದವರಲ್ಲ. ನನ್ನೊಬ್ಬಳನ್ನೇ ಬಿಡಲು ಮನಸ್ಸಾಗದೆ, ಸೆರಗು ಸಿಕ್ಕಿಸಿ ಮೆಟ್ಟಿಲ ಮೇಲೆ ನಿಂತರು. ಒಂದು ಕಾಲು ಅದ್ದಿದರು, ತೆಗೆದರು. ಮತ್ತೆ ಅದ್ದಿದರು. ಆಮೇಲೆ ಒಮ್ಮೆಲೇ “ಅಯ್ಯಯ್ಯ ನಮ್ಮವ್ವಾ!” ಎಂದು ಕೂಗುತ್ತ ಇಳಿದೇಬಿಟ್ಟರು. ಸೀರೆ ಗಾಳಿ ತುಂಬಿಕೊಂಡು ಸುತ್ತಲೂ ಗುಳ್ಳೆಯಂತೆ ಉಬ್ಬಿತು. ಅರವತ್ತೆರಡರ ಮುದುಕಿ ಎರಡು ಕೈಯಲ್ಲೂ ನೀರು ಬಡಿಯುತ್ತ ನಗುವುದನ್ನು ನೋಡಿ ಹೊಂಡದ ಬಸುರಿಯರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆ ದಿನದಿಂದ ಅವರನ್ನು ನೀರಿನಿಂದ ಹೊರಗೆ ಕರೆಯುವುದೇ ನನಗೊಂದು ಕೆಲಸವಾಯಿತು.

ಒಂಬತ್ತನೆಯ ತಿಂಗಳಲ್ಲಿ ಕುಬಸ, ಅಂದರೆ ಸೀಮಂತ, ಮಾಡಿದರು. ಹಸಿರು ಸೀರೆ, ಹಸಿರು ಬಳೆ, ಕೆರೆಯ ದಂಡೆಯ ತುಂಬ ಹೆಂಗಸರು, ಹಾಡು. ಹೋಳಿಗೆಯೂ ಇತ್ತು. ನಾನು ಒಂದನ್ನು, ತುಪ್ಪದಲ್ಲಿ ಅದ್ದಿ, ಚೂರು ಚೂರೇ ಮುರಿದು ಬಹಳ ಹೊತ್ತು ತಿಂದೆ. ಯಾರೂ ಎರಡನೆಯದನ್ನು ಹಾಕಲಿಲ್ಲ. ಅಷ್ಟು ರುಚಿಯ ಹೋಳಿಗೆ ಅದಕ್ಕೆ ಮೊದಲು ಎಂದೂ ತಿಂದಿರಲಿಲ್ಲ. ಹನ್ನೆರಡು ದಿನಗಳ ಮೇಲೆ ಮಗಳು ಹುಟ್ಟಿದಳು. ಹದವಾದ ತೂಕ, ಅತಿಯಾದ ಗಂಟಲು. ನೋವು ಇರಲಿಲ್ಲವೆಂದರೆ ಸುಳ್ಳಾದೀತು. ಆದರೆ ತಳ್ಳಬೇಕಾದ ಹೊತ್ತಿಗೆ ಕಾಲಲ್ಲಿ ಬಲವಿತ್ತು, ಎದೆಯಲ್ಲಿ ಉಸಿರಿತ್ತು, ನಿಂಗವ್ವ ಕೈ ಹಿಡಿದಿದ್ದರು. ಕೂಸನ್ನು ಎತ್ತಿಕೊಂಡು ಅವರು ಮೊದಲು ಹೇಳಿದ ಮಾತು, “ನಮ್ಮವ್ವ ಇದನ್ನ ನೋಡಬೇಕಾಗಿತ್ತು.” ಮಗಳಿಗೆ ಅವರ ಅವ್ವನ ಹೆಸರನ್ನೇ ಇಟ್ಟಿದ್ದೇವೆ, ಗುರಸಿದ್ದವ್ವ. ಅಷ್ಟು ಚಿಕ್ಕ ಕೂಸಿಗೆ ಅಷ್ಟು ದೊಡ್ಡ ಹೆಸರು.

ಅವ್ವಾ, ನಿಮ್ಮ ಕಾಲದಲ್ಲಿ ಒಂದು ಕಡೆ ಇಬ್ಬರ ಊಟ ಉಣ್ಣೆನ್ನುವವರು, ಇನ್ನೊಂದು ಕಡೆ ಬಸುರಿನಲ್ಲೂ ತೆಳ್ಳಗೆ ಕಾಣಬೇಕೆನ್ನುವವರು ಎಂದು ಕೇಳಿದ್ದೇನೆ. ಇಬ್ಬರ ಮಾತನ್ನೂ ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಿಂದ ಬಿಟ್ಟು ನಿನ್ನ ಡಾಕ್ಟರನ್ನು ವಿಚಾರಿಸು. ಒಬ್ಬೊಬ್ಬರ ದೇಹಕ್ಕೆ ಒಂದೊಂದು ಹದ. ತಲೆ ಸುತ್ತಿದರೆ, ರಕ್ತ ಕಂಡರೆ, ಹೊಟ್ಟೆ ಹಿಂಡಿದರೆ ನಡಿಗೆ ನಿಲ್ಲಿಸಿ ಅವರಲ್ಲಿಗೆ ಹೋಗು. ಬೊಗಸೆ ತುಂಬ ತಿಂಡಿ ಹಿಡಿದು ಯಾರಾದರೂ ನಿನ್ನ ಬಾಗಿಲಿಗೆ ಬಂದರೆ ಸಿಡುಕಬೇಡ. ಅವರ ಹಿಂದೆಯೂ ಯಾವುದೋ ಹಸಿವು ಇದ್ದೀತು. ಕೇಳಿ ತಿಳಿದುಕೋ.

ಹೆದರಿಕೆಯಾದರೆ ಇದೊಂದನ್ನು ನೆನೆ. ನಿನ್ನ ಹೆರಿಗೆ ಸುಸೂತ್ರವಾಗಿಯೇ ಆಯಿತು, ಕೂಸು ಬದುಕಿ ಬಾಳಿತು. ನಿನಗೆ ಹೇಗೆ ಗೊತ್ತು ಅಂತೀಯಾ?

ನಾನಿದ್ದೇನಲ್ಲ!

ನಿನ್ನ,
ಈರವ್ವ