ಒಂದೇ ಅಳತೆಯ ಕಿಟ್ ಕಳಿಸಿದವರಿಗೆ

ಸಾಂಕ್ರಾಮಿಕ ರೋಗ ನಿಯಂತ್ರಣ ಕಚೇರಿಯ ಮುಖ್ಯಾಧಿಕಾರಿಗಳಾದ ಮಾನ್ಯರೇ,

ನಿಮ್ಮ ವಿಚಾರಣಾ ವರದಿಯನ್ನು ಆಸ್ಪತ್ರೆಯ ಗೋಡೆಗೆ ಅಂಟಿಸಿದ್ದೀರಿ. ನಿಂತು ಎರಡು ಸಲ ಓದಿದೆ. "ಸದರಿ ದಾದಿಗೆ ಸೋಂಕು ತಗುಲಿರುವುದು ರಕ್ಷಣಾ ಉಡುಪನ್ನು ಅನಧಿಕೃತವಾಗಿ ಮಾರ್ಪಡಿಸಿಕೊಂಡ ಆಕೆಯ ಸ್ವಯಂ ನಿರ್ಲಕ್ಷ್ಯದಿಂದ" ಎಂದು ಅದರಲ್ಲಿದೆ. ಆ ದಾದಿ ನನ್ನ ಅಕ್ಕನ ಮಗಳು. ಉಡುಪನ್ನು ಕತ್ತರಿಸಿ ಹೊಲಿದವನು ನಾನು. ಕತ್ತರಿಸದೆ ತೊಡಲು ಬಾರದಂಥದ್ದನ್ನು ಕಳಿಸಿದವರು ನೀವು. ಮೂವರಲ್ಲಿ ಹಾಸಿಗೆ ಹಿಡಿದವಳ ತಲೆಗೇ ತಪ್ಪನ್ನು ಕಟ್ಟಿದ್ದೀರಿ. ಉಳಿದ ಇಬ್ಬರು ಮೂರು ಹೊತ್ತು ಉಂಡು ಓಡಾಡಿಕೊಂಡಿದ್ದೇವೆ. ಅವಳು ವಿಚಾರಣೆಯಲ್ಲಿ ಮುಚ್ಚಿಟ್ಟ ಸಂಗತಿಯೊಂದಿದೆ, ಈ ಪತ್ರ ಅದಕ್ಕಾಗಿ. ನಾನು ಹೊಲಿದ ಕಿಟ್ ತೊಟ್ಟವಳು ಅವಳೊಬ್ಬಳೇ ಅಲ್ಲ. ಇನ್ನೂ ಮೂವರು ದಾದಿಯರಿದ್ದಾರೆ. ಅವರು ಈಗಲೂ ಅದೇ ವಾರ್ಡಿನಲ್ಲಿ ದುಡಿದು, ಮನೆಗೆ ಹೋಗಿ, ಮಕ್ಕಳ ಪಕ್ಕ ಮಲಗುತ್ತಿದ್ದಾರೆ.

ನಾನು ಯಾರೆಂದು ಹೇಳಬೇಕಲ್ಲ. ಓದಿದ್ದು ಊರ ಶಾಲೆಯಲ್ಲಿ ಏಳನೇ ತರಗತಿ. ಮೇಷ್ಟ್ರಿಗೆ ಪ್ಯಾಂಟು ಹೊಲಿದುಕೊಟ್ಟು ಪಾಸಾದೆನೆಂದು ಹೊಟ್ಟೆಕಿಚ್ಚಿನವರು ಆಡಿಕೊಳ್ಳುತ್ತಾರೆ. ಅದು ಪ್ಯಾಂಟಲ್ಲ, ಕೋಟು. ಈ ಬೀದಿಯಲ್ಲಿ ನನ್ನ ಅಂಗಡಿಯ ಹೊಲಿಗೆ ಬಿಚ್ಚಿಕೊಂಡದ್ದನ್ನು ಕಂಡವರಿಲ್ಲ. ಮನುಷ್ಯ ಬಾಗಿಲು ದಾಟಿ ಒಳಗೆ ಬರುವಷ್ಟರಲ್ಲಿ ಅವನ ಸೊಂಟದ ಸುತ್ತಳತೆ ಹೇಳಬಲ್ಲೆ. ಹೊಟ್ಟೆ ಒಳಗೆ ಎಳೆದುಕೊಂಡಿದ್ದರೆ ಎಷ್ಟು ಎಳೆದುಕೊಂಡಿದ್ದಾನೆ ಎಂಬುದನ್ನೂ ಸೇರಿಸಿ. ಜಂಬ ಅನ್ನಿಸಿದರೆ ಅನ್ನಿಸಲಿ. ಆ ಜಂಬವೇ ಏನು ಮಾಡಿತು ಎಂಬುದನ್ನು ನೀವು ಕೇಳಬೇಕಾಗಿದೆ.

ಅಕ್ಕನ ಮಗಳ ಎತ್ತರ ನಾಲ್ಕಡಿ ಒಂಬತ್ತು ಇಂಚು. ಮನೆಯಲ್ಲಿ ನಾವು ಕರೆಯುವುದೇ ಗಿಡ್ಡಿ ಎಂದು. ನೀವು ಕಳಿಸಿದ ಕಿಟ್ಟುಗಳನ್ನು ನನ್ನ ಮೇಜಿನ ಮೇಲೆ ಹರವಿ ಅಳೆದಿದ್ದೇನೆ. ಆರಡಿ ಎರಡಿಂಚಿನ, ನಲವತ್ತಾರಿಂಚು ಎದೆಯ ಆಸಾಮಿಗೆ ಮಾಡಿದವು. ಸಣ್ಣ ಅಳತೆಯವು ಬೇಕೆಂದು ಹೆಡ್ ನರ್ಸ್ ಮೂರು ಪತ್ರ ಬರೆದರು. "ಸರಬರಾಜಾಗಿರುವುದು ಸಾರ್ವತ್ರಿಕ ಅಳತೆಯಾಗಿದ್ದು ಎಲ್ಲರಿಗೂ ಹೊಂದುತ್ತದೆ" ಎಂದು ನಿಮ್ಮಿಂದ ಉತ್ತರ ಬಂತು. ಮಾನ್ಯರೇ, ಆ 'ಎಲ್ಲರೂ' ಎಂಬ ಮಹಾಶಯರು ಎಲ್ಲಿದ್ದಾರೆ? ಅವರು ಯಾವತ್ತಾದರೂ ಆ ವಾರ್ಡಿನೊಳಗೆ ಕಾಲಿಟ್ಟು, ವಾಂತಿ ಬಳಿದು, ರಕ್ತ ಒರೆಸಿದ್ದುಂಟೇ? ಒರೆಸಿದವರೆಲ್ಲ ಗಿಡ್ಡ ಹೆಂಗಸರು.

ಒಂದು ಭಾನುವಾರ ಮಧ್ಯಾಹ್ನ ಅವಳು ಒಂದು ವಾರದ ಕಿಟ್ಟುಗಳನ್ನು ಪ್ಯಾಕೆಟ್ ಒಡೆಯದೆ ಹೊತ್ತುಕೊಂಡು ಅಂಗಡಿಗೆ ಬಂದಳು.

"ಮಾವ, ಕಾಲು ಉದ್ದ, ತೋಳು ಉದ್ದ. ಮಡಚಿ ಟೇಪ್ ಸುತ್ಕೊಂಡ್ರೆ ಬಿಚ್ಚುವಾಗ ಹರೀತಿದೆ. ಮೊನ್ನೆ ಎಡವಿ ರೋಗಿ ಮೇಲೇ ಬಿದ್ದೆ."

"ಪಾಪ, ಅವನಿಗೆ ಏನೂ ಆಗ್ಲಿಲ್ವಾ?"

"ತಮಾಷೆ ಸಾಕು ಮಾವ. ಮಾಡ್ಕೊಡ್ತೀಯೋ, ಬೇರೆ ಟೈಲರ್ ನೋಡ್ಕೊಳ್ಳಲೋ?"

ಬೇರೆ ಟೈಲರ್ ಎಂದರೆ ನನಗೆ ಮೈಯೆಲ್ಲ ಉರಿಯುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತು. ಕತ್ತರಿ ಎತ್ತಿಕೊಂಡೆ. ಮೊಣಕಾಲಿನ ಕೆಳಗೆ ಏಳಿಂಚು, ಮೊಣಕೈ ಕೆಳಗೆ ಮೂರಿಂಚು ತೆಗೆದು, ತುದಿಯ ಎಲಾಸ್ಟಿಕ್ ಹಾಗೇ ಉಳಿಯುವಂತೆ ಮತ್ತೆ ಕೂಡಿಸಿದೆ. ಎರಡೆರಡು ಹೊಲಿಗೆ ಹಾಕಿದೆ. ಕಂಪನಿಯವರ ಹೊಲಿಗೆಯುದ್ದಕ್ಕೂ ಒಂದು ನೀಲಿ ಪಟ್ಟಿ ಅಂಟಿಸಿದ್ದರು. ಅವಳು ಅದನ್ನು ಬೆರಳಿನಿಂದ ಮುಟ್ಟಿ, "ನಿಂದಕ್ಕೂ ಇದು ಬೇಡ್ವಾ?" ಅಂದಳು.

"ಹೊಲಿಗೆ ಬರದೇ ಇರೋನು ಸೊಟ್ಟ ಕಾಣ್ದೇ ಇರ್ಲಿ ಅಂತ ಅಂಟಿಸ್ಕೊಂಡಿರೋದು ಅದು," ಅಂದೆ. "ನಿನ್ನ ಮಾವನ ಹೊಲಿಗೆಗೆ ತೇಪೆ ಬೇಕೇನೇ?"

ಅವಳು ನಕ್ಕಳು. ಚಿಕ್ಕಂದಿನಿಂದ ನನ್ನ ಮಾತನ್ನು ನಂಬಿದವಳು. ಮುಂದಿನ ಭಾನುವಾರ ಬರುವಾಗ ಇನ್ನಷ್ಟು ಪ್ಯಾಕೆಟ್ಟುಗಳಿದ್ದವು, ಜೊತೆಗೆ ಮೂರು ಚೀಟಿ. ಹೆಸರಿರಲಿಲ್ಲ, ಬರೀ ಅಳತೆ. "ನನ್ನ ಥರದವರೇ ಮಾವ, ನಿನ್ನ ಹೊಗಳಿ ಇಟ್ಟಿದೀನಿ," ಅಂದಳು. ಒಟ್ಟು ಮೂವತ್ತೆಂಟು ಕಿಟ್ ಹೊಲಿದೆ. ಊಟದ ಹೊತ್ತಿಗೆ ಹೆಂಡತಿ ಮೂರು ಸಲ ಕರೆದರೂ ಏಳಲಿಲ್ಲ. ಅಷ್ಟು ಹುಮ್ಮಸ್ಸಿನಲ್ಲಿದ್ದೆ.

ಅವಳಿಗೆ ಜ್ವರ ಬಂದ ದಿನ ಆಸ್ಪತ್ರೆಯ ಹಿಂದಿನ ಹಳೇ ಎಕ್ಸ್‌ರೇ ಕೋಣೆಯಲ್ಲಿ ಹಾಕಿ ಬೀಗ ಜಡಿದರು. ಇರುವುದೊಂದೇ ಕಿಟಕಿ, ಅದರ ಗಾಜಿಗೂ ಕಪ್ಪು ಬಣ್ಣ. ಒಳಗಿನಿಂದ ಅವಳು ಚಮಚದಲ್ಲಿ ಅಂಗೈಯಗಲ ಕೆರೆದುಕೊಂಡಿದ್ದಳು. ಹೊರಗೆ ಇಟ್ಟಿಗೆಯ ಮೇಲೆ ನಿಂತು ನಾನು ಫೋನಿನಲ್ಲಿ ಮಾತಾಡುತ್ತಿದ್ದೆ.

"ಮಾವ, ಆ ಮೂವರ ಸುದ್ದಿ ಎತ್ತಬೇಡ. ಕತ್ತರಿಸಿದ್ದು ನಂದೊಂದೇ ಅಂತ ವಿಚಾರಣೇಲಿ ಬರೆಸಿದೀನಿ. ಅವರಿಗೆ ಕೆಲಸ ಹೋದ್ರೆ ಮಕ್ಕಳ ಗತಿ?"

"ಕಿಟ್ಟಿಂದ ಆಯ್ತು ಅಂತ ಯಾರು ಹೇಳಿದ್ರು? ನನ್ನ ಹೊಲಿಗೆ ಅದು."

"ಹೌದು ಮಾವ, ನಿಂದು ಗಟ್ಟಿ ಹೊಲಿಗೆ," ಅಂದಳು. ಮೂವರ ಸುದ್ದಿ ಎತ್ತುವುದಿಲ್ಲವೆಂದು ಆಣೆ ಇಡಿಸಿಕೊಂಡಳು. ಇಟ್ಟೆ.

ಅಂಗಡಿಗೆ ಬಂದು, ಕತ್ತರಿಸಿ ಉಳಿದ ಎರಡು ತುಂಡುಗಳನ್ನು ಅದೇ ದಾರದಲ್ಲಿ ಕೂಡಿಸಿ, ಗಾಜಿನ ಪಾತ್ರೆಯ ಬಾಯಿಗೆ ಬಿಗಿದು ನೀರು ಹೊಯ್ದೆ. ಮೊದಲು ಏನೂ ಆಗಲಿಲ್ಲ. ಬೆರಳಿನಿಂದ ಸ್ವಲ್ಪ ಒತ್ತಿದೆ. ಸೂಜಿ ಹಾದ ಒಂದೊಂದು ತೂತಿನ ಕೆಳಗೂ ಒಂದೊಂದು ಹನಿ ಕಟ್ಟಿತು. ನನ್ನ ಹೊಲಿಗೆ ಎಷ್ಟು ನೇರ ಎಂಬುದು ಆ ಹನಿಗಳ ಸಾಲಿನಲ್ಲಿ ಕಾಣುತ್ತಿತ್ತು. ಕಂಪನಿಯ ನೀಲಿ ಪಟ್ಟಿ ಇದ್ದ ತುಂಡಿಗೂ ಹೊಯ್ದು ನೋಡಿದೆ. ಪಾತ್ರೆಯ ತಳ ಒಣಗಿಯೇ ಇತ್ತು.

ಮಾರನೇ ದಿನ ಇದನ್ನೆಲ್ಲ ಅರ್ಜಿಯಲ್ಲಿ ಬರೆದುಕೊಂಡು ನಿಮ್ಮ ಕಚೇರಿಗೆ ಬಂದೆ. ಗುಮಾಸ್ತರು ಅರ್ಜಿ ತೆಗೆದುಕೊಂಡು, "ಆ ಮೂವರ ಹೆಸರು?" ಅಂದರು.

"ಗೊತ್ತಿಲ್ಲ ಸಾರ್. ಅಳತೆ ಗೊತ್ತು."

"ಅಳತೆ ಇಟ್ಕೊಂಡು ನಾನೇನು ಅವರಿಗೆ ಕುಪ್ಪಸ ಹೊಲಿಸ್ಲಾ? ಹೆಸರಿಲ್ದೇ ಇರೋರನ್ನ ಕ್ವಾರಂಟೈನ್ ಮಾಡೋಕೆ ಕಾಲಂ ಇಲ್ಲ ಯಜಮಾನ್ರೇ."

ಬೇರೆ ದಿನವಾಗಿದ್ದರೆ ಆ ಮಾತಿಗೆ ನಾನೇ ಮೊದಲು ನಗುತ್ತಿದ್ದೆ. 'ಪರಿಶೀಲನೆಯಲ್ಲಿದೆ, ಮೂವತ್ತು ದಿನಗಳಲ್ಲಿ ಉತ್ತರಿಸಲಾಗುವುದು' ಎಂಬ ಸ್ವೀಕೃತಿ ಸಿಕ್ಕಿತು. ಈ ರೋಗ ಮೈಯೊಳಗೆ ಹೆಚ್ಚೆಂದರೆ ಇಪ್ಪತ್ತೊಂದು ದಿನ ಅಡಗಿರುತ್ತದೆ, ಜ್ವರ ಬಂದ ಮೇಲೆ ಇನ್ನೊಬ್ಬರಿಗೆ ಅಂಟುತ್ತದೆ ಎಂದು ನಿಮ್ಮದೇ ಕರಪತ್ರ ಹೇಳುತ್ತದೆ. ಅಂದರೆ ನಿಮಗಿಂತ ಒಂಬತ್ತು ದಿನ ಮೊದಲೇ ರೋಗ ತನ್ನ ಉತ್ತರ ಕೊಟ್ಟು ಮುಗಿಸಿರುತ್ತದೆ. ಕಚೇರಿಯ ಕೆಲಸದಲ್ಲಿ ಅದರಿಂದ ಕಲಿಯುವುದು ನಿಮಗೆ ಬಹಳ ಇದೆ.

ಹೆಡ್ ನರ್ಸ್ ಬಳಿಗೂ ಹೋದೆ. ಆ ತಾಯಿ ನಿಂತಲ್ಲೇ ಕಣ್ಣೊರೆಸಿಕೊಂಡರು. "ಒಬ್ಬೊಬ್ಬರನ್ನೇ ಕರೆದು ಕೇಳ್ದೆ ಅಣ್ಣ. ನಿರ್ಲಕ್ಷ್ಯ ಅನ್ನೋ ಆ ಮಾತು ಗೋಡೆ ಮೇಲೆ ಬಂದಾಗಿನಿಂದ ಯಾರೂ ಬಾಯಿ ಬಿಡ್ತಿಲ್ಲ. ಕಿಟ್ ಸರಿಯಾಗೇ ಆಗುತ್ತೆ ಅಂತಾರೆ. ಒಂದೇ ವಾರದಲ್ಲಿ ಎಲ್ಲರೂ ಆರಡಿ ಬೆಳೆದುಬಿಟ್ಟಿದಾರೆ," ಅಂದರು.

ಮಾನ್ಯರೇ, ಆ ಮೂವರ ಬಾಯಿ ಮುಚ್ಚಿಸಿರುವುದು ನೀವು ಬರೆದ ಒಂದು ಸಾಲು. ಹೊಲಿದ ಕಿಟ್ಟುಗಳೆಲ್ಲ ನಿಯಮದಂತೆ ತೊಟ್ಟ ದಿನವೇ ಸುಟ್ಟು ಬೂದಿಯಾಗಿವೆ, ಹೆಸರಿಲ್ಲದ ಆ ಚೀಟಿಗಳ ಹೊರತು ಅವರ ಗುರುತು ಹೇಳುವ ವಸ್ತು ಯಾವುದೂ ಉಳಿದಿಲ್ಲ. ಹೇಳಬಲ್ಲವಳು ಒಬ್ಬಳೇ ಇದ್ದಳು. ಮೊನ್ನೆಯಿಂದ ಅವಳು ಫೋನ್ ಎತ್ತುತ್ತಿಲ್ಲ. ಕಿಟಕಿಯ ಕೆರೆದ ಜಾಗದಲ್ಲಿ ಇಣುಕಿದರೆ ಪಾದವಷ್ಟೇ ಕಾಣುತ್ತದೆ, ಕಂಬಳಿ ಮೀರಿ ಆಚೆ ಬಂದದ್ದು. ಡಾಕ್ಟರು ನನ್ನನ್ನು ಕೂರಿಸಿಕೊಂಡು, ಮನೆಯವರಿಗೆ ಹೇಳಿಡಿ ಅಂದಿದ್ದಾರೆ. ಅಕ್ಕನಿಗೆ ನಾನಿನ್ನೂ ಹೇಳಿಲ್ಲ. ಏನೆಂದು ಹೇಳಲಿ?

ಆದ್ದರಿಂದ ಅವಳಿಗಾಗಿ ನಿಮ್ಮನ್ನು ಏನೂ ಕೇಳುತ್ತಿಲ್ಲ. ಕೊಟ್ಟ ಆಣೆ ಮುರಿದು, ಪತ್ರಿಕೆಯಲ್ಲಿ ಎಲ್ಲರೂ ಓದುವಂತೆ ಕೇಳುತ್ತಿರುವುದು ಇಷ್ಟೇ. ಇವತ್ತೇ ಆ ಸಾಲು ಹೊಡೆದುಹಾಕಿ, ಕಿಟ್ಟುಗಳನ್ನು ಕತ್ತರಿಸಿ ಹೊಲಿದವನು ಒಬ್ಬ ದರ್ಜಿ, ಹೊಲಿಯಬಹುದೆಂದು ದಾದಿಯರನ್ನು ನಂಬಿಸಿದವನೂ ಅವನೇ ಎಂದು ಬರೆಯಿರಿ. ನನ್ನನ್ನು ಜೈಲಿಗೆ ಹಾಕುವುದಿದ್ದರೆ ಹಾಕಿ, ಅಂಗಡಿ ಬಾಗಿಲು ಹೇಗೂ ಮುಚ್ಚಿದ್ದೇನೆ. ಆ ಕಿಟ್ ತೊಟ್ಟವರು ತಾವಾಗಿ ಮುಂದೆ ಬಂದರೆ ಕೆಲಸಕ್ಕೆ ಕುತ್ತಿಲ್ಲವೆಂದು, ಇಪ್ಪತ್ತೊಂದು ದಿನ ಬೆಳಕಿರುವ ಕೋಣೆಯಲ್ಲಿ ಇರಿಸುತ್ತೇವೆಂದು ಅದೇ ಗೋಡೆಯ ಮೇಲೆ ಅಂಟಿಸಿ. ನೀವು ಇದನ್ನು ಮಾಡುತ್ತೀರೆಂಬ ನಂಬಿಕೆ ನನಗೆ ಅಷ್ಟಾಗಿ ಇಲ್ಲ. ಮಾಡದಿದ್ದರೆ ಆ ಮೂವರು ತಾಯಂದಿರಾದರೂ ಇದನ್ನು ಓದಲಿ: ತಂಗಿಯರೇ, ಆ ಹೊಲಿಗೆಯಲ್ಲಿ ನೀರು ಇಳಿಯುತ್ತದೆ. ನಾನೇ ನೋಡಿದ್ದೇನೆ. ಇವತ್ತು ಮಕ್ಕಳ ಪಕ್ಕ ಮಲಗಬೇಡಿ.

ಇಂತಿ,
ಮೂವತ್ತೆಂಟು ಕಿಟ್ ಹೊಲಿದೂ ನಿಮ್ಮ ವರದಿಯಲ್ಲಿ ಜಾಗ ಸಿಗದ
ಆ ದಾದಿಯ ಸೋದರಮಾವ