ಅಕ್ಕನಿಗೊಂದು ಬೆಳಗಿನ ಸುದ್ದಿ

ಮಾರ್ಚ್ 3, ಬೆಳಗ್ಗೆ

ಟೀ ಆಯಿತು. ಇಂದಿನ ಸುದ್ದಿ — ಆಕ್ಟೋಪಸ್‌ಗೆ ಮೂರು ಹೃದಯ. ಮನೆಯವರ ಗ್ರೂಪಿಗೆ ಹಾಕಿದೆ. ಎಲ್ಲರದೂ ಬರೀ ಹೆಬ್ಬೆರಳು.

ಅಕ್ಕನಿಗೆ ಮಾತ್ರ ನಾನೇ ಓದಿ ವಾಯ್ಸ್ ಮೆಸೇಜ್. ಸ್ಟ್ರೋಕ್ ಆದ ಮೇಲೆ ಅವಳಿಗೆ ಎಲ್ಲ ಅರ್ಥವಾಗುತ್ತದೆ, ಮಾತು ಮಾತ್ರ ಹೊರಡದು. ಒಂದೇ ಹೃದಯ ಇಟ್ಟುಕೊಂಡು ಭಾವನನ್ನು ಇಷ್ಟು ವರ್ಷ ಸಹಿಸಿದೆಯಲ್ಲೇ, ಎಂದು ಸೇರಿಸಿದೆ. ನಕ್ಕಳಂತೆ. ಭಾವನೇ ಬರೆದಿದ್ದಾರೆ.

ಮಾರ್ಚ್ 5

ಎಡವಟ್ಟು. ಯಾರೋ ಕಳಿಸಿದ ವಿಡಿಯೋ — ನಾಲಿಗೆಗೆ ಕಾಳುಮೆಣಸು ಉಜ್ಜಿದರೆ ಮಾತು ಮರಳುತ್ತದಂತೆ. ಹಿಂದೆಮುಂದೆ ನೋಡದೆ ದಾಟಿಸಿಬಿಟ್ಟೆ. ಭಾವ ಉಜ್ಜಿಯೂ ಬಿಟ್ಟರು.

"ಉರಿ ತಾಳಲಾರದೆ ನನ್ನ ಬೆರಳು ಕಚ್ಚಿದಳು ಕಣಮ್ಮ."

"ಮೊದಲು ನಿಮ್ಮ ನಾಲಿಗೆಗೆ ಉಜ್ಜಿ ನೋಡಬಾರದಿತ್ತಾ ಭಾವ?"

"ನಂದು ಚೆನ್ನಾಗೇ ಓಡ್ತಿದೆಯಲ್ಲ."

ನಗಲಾಗಲಿಲ್ಲ. ಅಕ್ಕ ಅತ್ತಳಂತೆ…

ಮಾರ್ಚ್ 14

ಅಂದಿನಿಂದ ಏನೂ ಕಳಿಸಿಲ್ಲ. ಧೈರ್ಯವಿಲ್ಲ.

ಭಾವನ ಫೋನ್. "ಯಾಕಮ್ಮ, ಸುದ್ದಿ ಎಲ್ಲ ಮುಗಿದುಹೋಯ್ತಾ? ಬೆಳಗಾದ್ರೆ ಫೋನ್ ಹಿಡ್ಕೊಂಡು ಕೂತಿರ್ತಾಳೆ."

ಸಾಕು, ಅಷ್ಟು ಸಾಕು. ಹುಡುಕಲು ಕೂತೆ. ಸಿಕ್ಕಿತು — ಮಾತು ಹೋದ ಕೆಲವರಲ್ಲಿ ಹಾಡು ಉಳಿದಿರುತ್ತದಂತೆ. ರಾಗದ ಜೊತೆ ಪದವೂ ಬರುವುದುಂಟಂತೆ. ಈ ಸಲ ಮೊದಲು ಅವಳಿಗೆ ಮಾತು ಕಲಿಸುವ ಥೆರಪಿಸ್ಟ್‌ಗೆ ತೋರಿಸಿದೆ.

"ನಿಜ. ಆದ್ರೆ ಎಲ್ರಿಗೂ ಆಗಲ್ಲ. ಅವರ ಬಾಯಲ್ಲಿ ಪಳಗಿದ ಹಾಡು ಯಾವುದಾದ್ರೂ ಇದ್ಯಾ?"

ಇಲ್ಲ. ಅಕ್ಕ ಬಚ್ಚಲಲ್ಲೂ ಹಾಡಿದವಳಲ್ಲ.

ಮಾರ್ಚ್ 15

ಬೆಳಗ್ಗೆ ಹಾಸಿಗೆ ಮಡಚುವಾಗ ಹೊಳೆಯಿತು. ನಮ್ಮ ಟೈಲರಿಂಗ್ ಅಂಗಡಿ! ಮೆಷಿನ್‌ಗಳ ಸದ್ದಿನಲ್ಲಿ ಮಾತು ಕೇಳಿಸುತ್ತಿರಲಿಲ್ಲ. ಅಕ್ಕ ಟೇಪು ಹಿಡಿದು ಅಳತೆಯನ್ನು ರಾಗ ಎಳೆದು ಕೂಗುವಳು, ನಾನು ಅದೇ ರಾಗದಲ್ಲಿ ಹೇಳಿ ಬರೆದುಕೊಳ್ಳುತ್ತಿದ್ದೆ. ಎಷ್ಟು ವರ್ಷ ಹಾಗೆ!

ವಿಡಿಯೋ ಕಾಲ್ ಮಾಡಿದೆ. ಭಾವನನ್ನು ಗಿರಾಕಿಯಂತೆ ನೆಟ್ಟಗೆ ನಿಲ್ಲಿಸಿದೆ. ರಾಗ ಎಳೆದೆ — "ಸೊಂಟ…"

ಏನಿಲ್ಲ. ಮತ್ತೆ ಎಳೆದೆ. ಅಕ್ಕ ಭಾವನನ್ನು ಮೇಲಿಂದ ಕೆಳಗೆ ನೋಡಿದಳು. ತುಟಿ ಅಲುಗಿತು.

"ನಲ…ವತ್… ತೆರಡು…"

ಅದೇ ರಾಗ.

"ಎಲ್ಲಿ, ಮೂವತ್ತೆಂಟು ಕಣೇ," ಅಂದರು ಭಾವ. ಕಣ್ಣಲ್ಲಿ ನೀರು.

ಅಕ್ಕ ತಲೆ ಅಡ್ಡಡ್ಡ ಆಡಿಸಿದಳು. "ನಲವತ್ತೆರಡು." ಈ ಸಲ ತಡವರಿಸಲೇ ಇಲ್ಲ.

ಆ ಹಾಡಿನ ಸುದ್ದಿ ಬರೆದಿಟ್ಟ ಪುಣ್ಯಾತ್ಮರು ಯಾವ ಊರಿನವರೋ. ಅವರ ಹೊಟ್ಟೆ ತಣ್ಣಗಿರಲಿ. ಥೆರಪಿಸ್ಟ್ ಹೇಳಿದರು, ದಿನಾ ಮಾಡಿ, ಅವಸರ ಬೇಡ ಎಂದು. ಅವಸರ ಯಾರಿಗಿದೆ? ನನಗೆ ಇಷ್ಟು ಸಿಕ್ಕಿದ್ದೇ…

ಭಾವನ ಕರೆ. ಹಿಂದೆ ಅಕ್ಕನ ದನಿ, ತಾನಾಗಿಯೇ ರಾಗ ಎಳೆದು ಮುಂದಿನ ಅಳತೆ ಕೂಗುತ್ತಿದ್ದಾಳೆ. "ತೋಳು…"